ಕುಪ್ಪಸದ ಒಳಗಿನ ಕೆಂಪು

ಗಾಳಿಬೀಡು
25-11-1953, ಬುಧವಾರ

ಕೊಡ್ಲಿಪೇಟೆಯಲ್ಲಿರುವ ಮಗಳು ಯಮುನಳಿಗೆ, ಅವ್ವ ಹರಸಿ ಬರೆಯುವುದು.

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಹಸುವಿಗೆ ಹುಲ್ಲು ಹಾಕಿದೆ, ಕಣದಲ್ಲಿ ಭತ್ತ ಹರಡಿದೆ, ಅನ್ನ ಮಾಡಿದೆ. ಯಾರೂ ಉಣ್ಣಲಿಲ್ಲ. ನಿನ್ನ ತಮ್ಮ ಪೂವಯ್ಯ ಅಟ್ಟದ ಮೇಲಿದ್ದಾನೆ. ನಾನು ಮುಂಬಾಗಿಲಿಗೆ ಅಗುಳಿ ಹಾಕಿ ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತು ಬರೆಯುತ್ತಿದ್ದೇನೆ. ಹಗಲು ಹೊತ್ತಿನಲ್ಲಿ ಈ ಮನೆಯ ಬಾಗಿಲು ಮುಚ್ಚಿದ್ದನ್ನು ನೀನು ಕಂಡಿಲ್ಲ. ನಾನೂ ಕಂಡಿರಲಿಲ್ಲ.

ಕಾಗದ ದಿನಚರಿ ಪುಸ್ತಕದಿಂದ ಹರಿದದ್ದು. ನಿನ್ನ ಅಪ್ಪ ಹೋದ ಮೇಲೆ ಈ ಎಂಟು ತಿಂಗಳು ಅದರಲ್ಲಿ ದಿನಕ್ಕೆ ಎರಡು ಸಾಲು ಬರೆಯುತ್ತಿದ್ದೇನೆ. ಹಸು ಕರು ಹಾಕಿದ್ದು, ಕಿತ್ತಳೆ ಕೊಯ್ದದ್ದು, ಅವರಿಗೆ ಕೂತು ಹೇಳಿದ ಹಾಗೆ. ಕಳೆದ ಭಾನುವಾರದ ಹಾಳೆ ಖಾಲಿ ಉಳಿದಿದೆ. ಅದನ್ನು ನಿನಗೆ ಬರೆಯುತ್ತೇನೆ. ಅಳಿಯಂದಿರಿಗೆ ಈಗಲೇ ತೋರಿಸಬೇಡ.

ಭಾನುವಾರ ಊರ ಮಂದಿನ ಬಯಲಿನಲ್ಲಿ ಹುತ್ತರಿ ಕೋಲಾಟ ಇತ್ತು. ಊರಿನ ಗಂಡಸರೆಲ್ಲ ನಿಲುವಂಗಿಯಂಥ ಕರಿ ಕುಪ್ಪಸ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ ಬಂದಿದ್ದರು. ಪೂವಯ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಅವನ ಉಡುಪಿನ ಹುಚ್ಚು ನಿನಗೆ ಗೊತ್ತು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾಗ ಕಿತ್ತಳೆ ಸಿಪ್ಪೆಯ ಬಣ್ಣದ ಪಂಚೆ, ಕಾಡುಕೋಳಿ ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಹಾಜರಿ ತೆಗೆಯುತ್ತಿದ್ದ. ಕೂಲಿ ಲೈನಿನ ಹೆಂಗಸರು ಕಾಫಿ ಹಣ್ಣು ಕೊಯ್ಯುವುದನ್ನು ಬಿಟ್ಟು ನಗುತ್ತಿದ್ದರಂತೆ. ಆಮೇಲೆ ಅವರೇ ಪ್ರತಿ ಸೋಮವಾರ ಇವತ್ತು ರೈಟರು ಏನು ಹಾಕಿದ್ದಾರೆ ಎಂದು ಕೇಳಿ ನೋಡಲು ಬರುತ್ತಿದ್ದರಂತೆ. ತನ್ನ ಸೀಮೆಗೆ ವಾಪಸು ಹೋಗುವಾಗ ಎಸ್ಟೇಟಿನ ಬಿಳಿ ದೊರೆಸಾನಿ ಅವನಿಗೆ ಒಂದು ಕಟ್ಟು ಚಿತ್ರದ ಪುಸ್ತಕ ಕೊಟ್ಟಿದ್ದಳು. ಅದರಲ್ಲಿ ಗಂಡಸರ ಉಡುಪೆಲ್ಲ ಬೂದಿ ಬಣ್ಣ, ಹೆಂಗಸರದ್ದನ್ನು ನೋಡಿಯೇ ಕತ್ತರಿ ಹಾಕುವುದನ್ನು ಕಲಿತೆ ಎಂದು ನನಗೆ ಹೇಳಿದ್ದ.

ಅವನು ಮಂದಿನ ಬಯಲಿಗೆ ಬಂದಾಗ ಡೋಲು ಬಡಿಯುವವನ ಕೈ ಒಮ್ಮೆ ತಪ್ಪಿತು. ಅದು ನಿನ್ನ ಅಪ್ಪನ ಕುಪ್ಪಸ. ಬಟ್ಟೆ ಅದೇ, ಆಕಾರ ಅದಲ್ಲ. ಹೆಗಲು ಹದ್ದಿನ ರೆಕ್ಕೆಯ ಹಾಗೆ ಎದ್ದಿತ್ತು. ಸೊಂಟ ಬಿಗಿ. ಸೊಂಟದಿಂದ ಕೆಳಗೆ ಕರಿ ಬಟ್ಟೆಯನ್ನು ಹನ್ನೆರಡು ಎಸಳಾಗಿ ಸೀಳಿ ಪಾದದವರೆಗೆ ಬಿಟ್ಟಿದ್ದ. ಎಸಳು ಎಸಳಿನ ನಡುವೆ ಕೆಂಪು ರೇಷ್ಮೆ. ಬೆನ್ನ ಹುರಿಯ ಉದ್ದಕ್ಕೂ ಬಿಳಿ ನೂಲಿನಲ್ಲಿ ಕಾಫಿ ಹೂ. ಗುಂಡಿಗಳನ್ನು ಕಾಫಿ ಗಿಡದ ಕೊಂಬೆಯಿಂದ ತಾನೇ ಕೆತ್ತಿದ್ದ. ನಿಂತರೆ ಕಪ್ಪು, ತಿರುಗಿದರೆ ಕೆಂಪು. ಕೋಲು ಹಿಡಿದು ಎರಡು ಸುತ್ತು ತಿರುಗಿದ. ಯಮುನ, ಆ ಎರಡು ಸುತ್ತು ನನಗೆ ಹೆದರಿಕೆಯೇ ಆಗಲಿಲ್ಲ.

ಆಮೇಲೆ ಹಿಂದಿನಿಂದ ಯಾರೋ ಕೂಗಿದರು, "ಎಂತ ಮಾರಾಯ, ಹೆಣ್ಣ್ ನೋಡಿಕೆ ಬಂದೊಳನಾ, ಹೆಣ್ಣಾಗಿ ಬಂದೊಳನಾ?" ಎಲ್ಲರೂ ನಕ್ಕರು. ಪೂವಯ್ಯನೂ ನಕ್ಕು, "ನಿಂಗೆ ಒಂದು ಹೊಲ್ದ್ ಕೊಡೊಕಾ? ಹೊಟ್ಟೆ ಅಳತೆಗೆ ಬಟ್ಟೆ ಸಾಲಿಕಿಲ್ಲೆ" ಎಂದ. ಅದಕ್ಕೂ ನಕ್ಕರು. ಅಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನಿನ್ನ ದೊಡ್ಡಪ್ಪ ಕೂಸಪ್ಪ ಭಾವ ಸುತ್ತಿನ ನಡುವೆ ಬಂದು ಅವನ ಕೈಯಿಂದ ಕೋಲು ತೆಗೆದುಕೊಂಡರು. ಡೋಲು ನಿಂತಿತು. ಅವರು ಕುಪ್ಪಸದ ತೋಳು ಹಿಡಿದು ಮೂಗಿಗೆ ಒತ್ತಿ ನೋಡಿದರು. ಅದರಲ್ಲಿ ಅಪ್ಪನ ಹೊಗೆಸೊಪ್ಪಿನ ವಾಸನೆ ಇನ್ನೂ ಇದೆ. ಅವರ ಕಣ್ಣು ತುಂಬಿತು. ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ನಮ್ಮ ಮನೆಯ ಕ್ರಮ ನಿನಗೆ ಗೊತ್ತು. ತೀರಿಹೋದವರ ಕುಪ್ಪಸ ವರ್ಷ ತುಂಬುವವರೆಗೆ ಪೆಟ್ಟಿಗೆಯಲ್ಲಿ ಇರಬೇಕು. ವರ್ಷದ ದಿನ ಹಿರಿಯರು ಅದನ್ನು ಕುಟುಂಬದ ದೊಡ್ಡಮನೆಯ ತೂಗುದೀಪದ ಕೆಳಗೆ ಮಗನ ಹೆಗಲಿಗೆ ಹಾಕಬೇಕು. ಅಲ್ಲಿಯವರೆಗೆ ಅದು ಸತ್ತವರ ಮೈ. ಅದಕ್ಕೆ ಕತ್ತರಿ ಹಾಕುವುದೆಂದರೆ ಏನೆಂದು ನಾನು ಬರೆಯುವುದು ಬೇಡ.

ಅಂದು ಸಂಜೆ ಭಾವ ನಮ್ಮ ಅಂಗಳಕ್ಕೆ ಬಂದರು. ಒಳಗೆ ಬರಲಿಲ್ಲ, ಕೂರಲಿಲ್ಲ. ನನ್ನನ್ನು ನೋಡದೆ ಕೇಳಿದರು, "ನೀಲಾವತಿ, ಪೆಟ್ಟಿಗೆ ಕೀಲಿ ನಿನ್ನ ಸೊಂಟಲಿ ಇತ್ತಲ್ಲೆ?" ನಾನು ನೆಲ ನೋಡಿದೆ. ಪೂವಯ್ಯ ಹೇಳಿದ, "ಅವ್ವ ಮಲಗಿರ್ಕನ ನಾನೇ ತೆಗ್ದದ್. ಅವಳಿಗೆ ಎಂತದೂ ಗೊತ್ತಿಲ್ಲೆ." ಭಾವ, "ಸತ್ತವನಿಂದ ಕದ್ದ ಕೈನ ಎಂತ ಮಾಡೊಕು?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಕುಪ್ಪಸ ಬಿಚ್ಚಿಸಿ ತೆಗೆದುಕೊಂಡು ಹೋದರು.

ನಾಳೆ ಗುರುವಾರ ಕುಟುಂಬದ ಗಂಡಸರು ದೊಡ್ಡಮನೆಯಲ್ಲಿ ಸೇರುವುದೆಂದು ತೀರ್ಮಾನವಾಯಿತು. ಪೂವಯ್ಯ ದೀಪದ ಕೆಳಗೆ ನಿಂತು ಕದ್ದೆನೆಂದು ಒಪ್ಪಿ, ಆ ಕುಪ್ಪಸವನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಬೇಕು. ಆಮೇಲೆ ಈ ಮನೆ ಬಿಡಬೇಕು. ಮಾರ್ಚಿನಲ್ಲಿ ಅಪ್ಪನ ವರ್ಷವನ್ನು ಅವನು ಮಾಡುವ ಹಾಗಿಲ್ಲ. ದೊಡ್ಡಮನೆಯ ದೀಪಕ್ಕೆ ಇನ್ನು ಅವನು ಯಾರೂ ಅಲ್ಲ.

ಸೋಮವಾರ ಬೆಳಗ್ಗೆ ನಮ್ಮ ಬೇಲಿ ಬಾಗಿಲಿನ ಉಣುಗೋಲಿಗೆ ಯಾರೋ ಒಂದು ಹರಿದ ರವಿಕೆ ಕಟ್ಟಿದ್ದರು, ಕೆಳಗೆ ಒಡೆದ ಬಳೆ. ಪೂವಯ್ಯ ಏಳುವ ಮೊದಲು ನಾನು ಆರಿಸಿದೆ. ಹೆಬ್ಬೆರಳು ಕುಯ್ದುಕೊಂಡಿತು, ಈಗ ಬರೆಯುವಾಗಲೂ ನೋಯುತ್ತದೆ. ಮಂಗಳವಾರ ಮಧ್ಯಾಹ್ನ ಹೆಂಚಿನ ಮೇಲೆ ಕಲ್ಲು ಬಿತ್ತು. ಮಜ್ಜಿಗೆಗೆ ಬರುವ ಶಿವಮ್ಮ ಇವತ್ತು ಅಂಗಳದಲ್ಲೇ ನಿಂತು ಹೇಳಿದಳು, ಅವನನ್ನು ಮನೆಯಿಂದ ಹೊರಗೆ ಹಾಕದಿದ್ದರೆ ಮಡಿಕೇರಿ ಪೇಟೆಯಲ್ಲಿ ಹಿಡಿದು ಮೈಮೇಲಿನದ್ದೆಲ್ಲ ಬಿಚ್ಚಿಸುತ್ತೇವೆ ಎಂದು ಹುಡುಗರು ಮಾತಾಡಿಕೊಂಡರಂತೆ. "ನಂಗೆಂತ ಅಮ್ಮ, ಕೇಳ್ದ್ ಹೇಳ್ದೆ" ಎಂದು ಮಜ್ಜಿಗೆ ತೆಗೆದುಕೊಳ್ಳದೆ ಹೋದಳು. ಹೊರಗೆ ಹಾಕಿದರೆ ತಾನೇ ಬಿಡುತ್ತಾರೆಯೇ? ಈ ಮನೆಯ ಹೊರಗೆ ಅವನು ಒಬ್ಬನೇ ನಡೆಯುವ ದಾರಿಯೇ ಕಣ್ಣ ಮುಂದೆ ಬರುತ್ತದೆ. ಒಣಗಿದ ಎಲೆ ಸದ್ದಾದರೂ ಎದ್ದು ನೋಡುತ್ತಿದ್ದೇನೆ. ಈ ಸಾಲು ಬರೆಯುವಾಗ ಒಮ್ಮೆ ಎದ್ದೆ. ಕರು ಅಷ್ಟೆ.

ಯಮುನ, ಈಗ ಒಂದು ಮಾತು ಬರೆಯಬೇಕು. ಇಷ್ಟು ಹೊತ್ತು ಬರೆಯದೆ ತಪ್ಪಿಸಿಕೊಂಡೆ.

ಅವನು ಕೀಲಿ ಕದಿಯಲಿಲ್ಲ. ಕುಪ್ಪಸ ನಾನೇ ಕೊಟ್ಟದ್ದು.

ಆಗಸ್ಟಿನಲ್ಲಿ ಪೆಟ್ಟಿಗೆಯ ಬಟ್ಟೆಗೆ ಬಿಸಿಲು ತೋರಿಸಲು ತೆಗೆದಿದ್ದೆ. ಕುಪ್ಪಸದ ಹೆಗಲಿನ ಹತ್ತಿರ ಹುಳ ಎರಡು ತೂತು ಮಾಡಿತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಪೂವಯ್ಯ ಬಂದು ಪಕ್ಕದಲ್ಲಿ ಕುಳಿತ. ಹುತ್ತರಿಗೆ ಮಂದಿನ ಬಯಲಿಗೆ ಹೋಗುವುದಿಲ್ಲ, ಆ ಸಾಲಿನಲ್ಲಿ ನಿಂತರೆ ನಾನು ಯಾರೆಂದು ನನಗೇ ಗೊತ್ತಾಗುವುದಿಲ್ಲ ಅಂದ. ನಾನು ಕುಪ್ಪಸದ ಕೊರಳಪಟ್ಟಿಯ ಮೇಲೆ ಕೈ ಆಡಿಸಿದೆ. ಆಮೇಲೆ ಕುಪ್ಪಸ ಅವನ ಕೈಗೆ ಕೊಟ್ಟು, ನಿನಗೆ ಬೇಕಾದ ಹಾಗೆ ಹೊಲಿದುಕೋ ಎಂದೆ. ಯಾಕೆ ಕೊಟ್ಟೆನೆಂದು ಅವನೂ ಕೇಳಲಿಲ್ಲ. ಅವನಿಗೆ ನಂಬಿಕೆಯೇ ಬರಲಿಲ್ಲ, ಎರಡು ದಿನ ಕತ್ತರಿ ಮುಟ್ಟಲಿಲ್ಲ. ಮೊದಲ ಹೊಲಿಗೆ ಬಿಚ್ಚಿ ಕೊಟ್ಟವಳು ನಾನು.

ಒಳಗಿನ ಕೆಂಪು ರೇಷ್ಮೆ ನನ್ನ ಧಾರೆ ಸೀರೆ. ಅರ್ಧ ಕತ್ತರಿಸಿ ಕೊಟ್ಟೆ. ಇನ್ನು ನಾನು ಉಡುವುದಿಲ್ಲವಲ್ಲ. ಬೆನ್ನ ಮೇಲಿನ ಕಾಫಿ ಹೂಗಳಲ್ಲಿ ಕೆಳಗಿನ ಒಂಬತ್ತು ನನ್ನ ಕೈಯದ್ದು. ಮೂರು ತಿಂಗಳು ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಯಾರೂ ಬಾರದ ಹಿತ್ತಿಲ ಜಗಲಿಯಲ್ಲಿ ಕುಳಿತು ಹೊಲಿದೆವು. ಅವನು ತಮಾಷೆ ಮಾಡುತ್ತಿದ್ದ, ನಾನು ನಗುತ್ತಿದ್ದೆ. ಆ ತಿಂಗಳುಗಳ ದಿನಚರಿ ತೆಗೆದು ನೋಡಿದರೆ ಹೊಲಿಗೆಯ ಸುದ್ದಿ ಒಂದು ಸಾಲೂ ಇಲ್ಲ. ಹಸು, ಕಿತ್ತಳೆ, ಮಳೆ. ಪುಸ್ತಕಕ್ಕೂ ಹೆದರಿದ್ದೇನೆ.

ಭಾನುವಾರ ಅಂಗಳದಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಂಡನ ವರ್ಷ ತುಂಬುವ ಮೊದಲೇ ಹೆಂಡತಿಯೇ ಕೊಟ್ಟಳು ಎಂದರೆ ನನ್ನನ್ನು ಈ ಮನೆಯಲ್ಲಿ ಇರಿಸಿಕೊಳ್ಳುತ್ತಾರೆಯೇ? ತವರಿನಲ್ಲಿ ನನಗೆ ಯಾರಿದ್ದಾರೆ? ಅಷ್ಟು ಲೆಕ್ಕ ಹಾಕುವುದರೊಳಗೆ ಮಗ ನನ್ನ ತಪ್ಪನ್ನು ಹೊತ್ತುಕೊಂಡು ಆಗಿತ್ತು. ಕಳ್ಳ ಎಂಬ ಮಾತು ನನ್ನ ಮಗನ ಮೇಲೆ ಬೀಳುವಾಗ ನಾನು ಕಾಲ ಬೆರಳು ನೋಡುತ್ತಿದ್ದೆ.

ಇವತ್ತು ಅಟ್ಟದ ಏಣಿಯ ಕೆಳಗೆ ನಿಂತು, ನಾಳೆ ನಾನು ಹೇಳುತ್ತೇನೆ ಎಂದೆ. ಮೇಲಿನಿಂದಲೇ ಅಂದ, "ಅವ್ವ, ನೀ ಬಾಯಿ ಬಿಡ್ಬೇಡ. ನಂಗೆ ಎಲ್ಲಿ ಹೋದರೂ ಒಂದು ಸೂಜಿ ಸಿಕ್ಕುದು. ನಿಂಗೆ ಈ ವಯಸ್ಸ್‌ಲಿ ಇನ್ನೊಂದು ಮನೆ ಎಲ್ಲಿ ಉಟ್ಟು?" ಆಮೇಲೆ, ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದ. ಹೇಳಿದೆ. ಇಳಿಯಲಿಲ್ಲ. ಅವನೂ ಹೆದರಿದ್ದಾನೆ ಯಮುನ. ಗರಿ ಸಿಕ್ಕಿಸಿದ ಟೋಪಿ ಮೊಳೆಗೆ ತೂಗುಹಾಕಿದ್ದವನು ಅದನ್ನು ಪೆಟ್ಟಿಗೆಯ ಕೆಳಗೆ ತುರುಕಿದ್ದಾನೆ.

ನಾನು ಮಡಿಕೇರಿಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವಳು. ಗಂಡಸರು ಸೇರಿದ ಕಡೆ ಬಾಗಿಲ ಹಿಂದೆ ನಿಂತು ಕೇಳಿದ್ದೇನೆಯೇ ಹೊರತು ಒಂದು ಮಾತು ಆಡಿದವಳಲ್ಲ. ಬೆಳಗ್ಗೆಯಿಂದ ಹಸುವಿನ ಮುಂದೆ ನಿಂತು ಹೇಳಿ ನೋಡಿದೆ. "ಭಾವ, ಕುಪ್ಪಸ ಕೊಟ್ಟದ್ ನಾನ್." ಇಷ್ಟೇ. ಮೂರು ಸಲವೂ ಭಾವ ಎಂಬಲ್ಲಿಗೇ ನಿಂತೆ. ಬಾಯಿ ಬರದಿದ್ದರೆ ಎಂದು ಉಳಿದ ಅರ್ಧ ಸೀರೆಯನ್ನು ಮಡಿಚಿ ಚೀಲದಲ್ಲಿ ಇಟ್ಟಿದ್ದೇನೆ. ಕುಪ್ಪಸದ ಪಕ್ಕದಲ್ಲಿ ಅದನ್ನು ಹರಡಿದರೆ ಅಂಚಿಗೆ ಅಂಚು ಕೂಡುತ್ತದೆ. ಅದನ್ನು ನೋಡಿದ ಮೇಲೆ ನನ್ನನ್ನು ಯಾರೂ ಏನೂ ಕೇಳಬೇಕಾಗಿಲ್ಲ.

ಈ ಪತ್ರ ನಿನ್ನ ಕೈಗೆ ಸಿಗುವಾಗ ಎಲ್ಲ ಆಗಿಹೋಗಿರುತ್ತದೆ. ನಿನ್ನ ಬಾಗಿಲಿಗೆ ತಮ್ಮ ಬಂದರೆ ಏನೂ ಕೇಳದೆ ಊಟ ಹಾಕು, ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಅವನು ಏನೇ ತೊಟ್ಟು ಬಂದಿದ್ದರೂ ನಗಬೇಡ, ಅಳಿಯಂದಿರೂ ನಗದ ಹಾಗೆ ನೋಡಿಕೋ. ಅವನ ಬದಲು ನಾನು ಬಂದರೂ ಹಾಗೆಯೇ.

ನಿನ್ನ ಅವ್ವ,
ನೀಲಾವತಿ

ಕೊನೆಯಲ್ಲಿ ಇನ್ನೊಂದು: ಯಾಕೆ ಕೊಟ್ಟೆ ಎಂದು ನೀನಾದರೂ ಕೇಳುತ್ತೀ. ನನ್ನ ಮದುವೆಯಾದ ವರ್ಷ ನಿನ್ನ ಅಪ್ಪ ಒಂದು ದಿನ ಕುಪ್ಪಸ ತಂದು, ಇದರ ಒಳಗೆ ಕಾಣದ ಕಡೆ ಒಂದು ಸಾಲು ಕೆಂಪು ಹೂ ಹಾಕಿ ಕೊಡುತ್ತೀಯಾ ಎಂದು ಕೇಳಿದ್ದರು. ಯಾರಾದರೂ ಕಂಡರೆ ನಗುತ್ತಾರೆ, ನನಗೆ ಹೆದರಿಕೆ ಎಂದೆ. ಮತ್ತೆ ಅವರು ಕೇಳಲಿಲ್ಲ. ಆಗಸ್ಟಿನಲ್ಲಿ ಹುಳ ಹಿಡಿದ ಕಡೆ ಕೊರಳಪಟ್ಟಿ ಮಗುಚಿ ನೋಡಿದೆ. ಒಳಗೆ ಏಳು ಕೆಂಪು ಹೂಗಳಿದ್ದವು. ಒಂದೊಂದೂ ಒಂದೊಂದು ಗಾತ್ರ, ಹೊಲಿಗೆ ಸೊಟ್ಟ, ಗಂಟುಗಳೆಲ್ಲ ಹೊರಗೆ. ಸೂಜಿ ಹಿಡಿದು ಗೊತ್ತಿಲ್ಲದ ಗಂಡಸಿನ ಕೈ. ಇಷ್ಟು ವರ್ಷ ಪ್ರತಿ ಮದುವೆಗೂ ಪ್ರತಿ ಹುತ್ತರಿಗೂ ಅದನ್ನು ಕುತ್ತಿಗೆಗೆ ತಾಗಿಸಿಕೊಂಡು ಹೋಗಿ ಬಂದಿದ್ದಾರೆ, ನನಗೂ ಹೇಳಿಲ್ಲ. ಪೂವಯ್ಯ ಆ ಪಟ್ಟಿಯನ್ನು ಕತ್ತರಿಸಿಲ್ಲ, ಹಾಗೆಯೇ ಉಳಿಸಿದ್ದಾನೆ. ಭಾವ ಅದನ್ನು ಇನ್ನೂ ಮಗುಚಿ ನೋಡಿರಲಾರರು.

ನಾಳೆ ಹತ್ತು ಗಂಟೆಗೆ ದೊಡ್ಡಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಇಲ್ಲಿಂದ ಅರ್ಧ ಗಂಟೆಯ ದಾರಿ. ಉಳಿದವರು ಬರುವ ಮೊದಲೇ ಅಲ್ಲಿರಬೇಕು, ಒಂಬತ್ತಕ್ಕೆ ಹೊರಡುತ್ತೇನೆ.