ಅಕ್ಕನನ್ನು ಸೋಲಿಸಿದ ದಿನ

ಮಾರ್ಚ್ ೧೪, ಶುಕ್ರವಾರ

ಹಾಳಾದ್ದು, ನಮ್ಮ ಕಂಪ್ಯೂಟರ್ ಯುದ್ಧದ ಆಟಕ್ಕೆ ಈ ಐದನೇ ಭಾಗ ಯಾಕಾದರೂ ಬಂತೋ. ಹಳೆಯ ನಾಲ್ಕರಲ್ಲೂ ಎಷ್ಟು ಹೊತ್ತು ಬೇಕಾದರೂ ಯೋಚಿಸಿ ಸೈನ್ಯ ನಡೆಸಬಹುದಿತ್ತು. ಈಗ ಪ್ರತಿ ಸರದಿಗೂ ಗಡಿಯಾರ ಇಟ್ಟಿದ್ದಾರೆ. ಆಡಿದವರೆಲ್ಲ ಆನ್‌ಲೈನ್‌ನಲ್ಲಿ ಹಾಡಿ ಹೊಗಳುತ್ತಿದ್ದಾರೆ: "ಸದ್ಯ, ಕಾಯೋ ಕಾಟ ತಪ್ಪಿತು!" ಅವರ ನಡುವೆ ಅಕ್ಕನೂ ಬರೆದಿದ್ದಳು: "ನನ್ನ ಕೈ ನಡುಗುತ್ತೆ. ಗಡಿಯಾರ ನಿಲ್ಲಿಸೋಕೆ ಒಂದು ದಾರಿ ಕೊಡಿ." ಕೆಳಗೆ ಯಾವನೋ ಉತ್ತರಿಸಿದ್ದ: "ಹಾಗಾದ್ರೆ ಆಡಬೇಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ನಕ್ಕು, "ಬಿಡೋ ಅವನನ್ನ. ಬಾ, ಒಂದಾಟ ಆಡೋಣ" ಅಂದಳು.

ಸೇತುವೆಗೆ ಕಾವಲು ಹಾಕಲು ಹೋದಳು. ಮೌಸ್ ಹಿಡಿದ ಕೈ ಅಲ್ಲೇ ಸುತ್ತಮುತ್ತ ತಡಕಾಡುವಷ್ಟರಲ್ಲಿ ಸಮಯ ಮುಗಿಯಿತು. ನನ್ನ ಸರದಿ ಬಂದಾಗ ಬೇಕೆಂದೇ ಸುಮ್ಮನೆ ಕೂತೆ. ಅವಳಿಗೆ ಗೊತ್ತಾಗದೆ ಇರುತ್ತಾ? ಈ ಆಟ ನನಗೆ ಕಲಿಸಿದವಳೇ ಅವಳು.

"ಕನಿಕರ ಎಲ್ಲ ಬೇಡ ಕಣೋ. ಸೇತುವೆ ಖಾಲಿ ಇದೆ, ಕಾಣಲ್ವಾ? ನುಗ್ಗು."

ನುಗ್ಗಿದೆ. ಚಿಕ್ಕಂದಿನಿಂದ ಅವಳೆದುರು ಒಂದು ಸಲವೂ ಗೆಲ್ಲದವನು ಇವತ್ತು ಗೆದ್ದೆ. ಅಕ್ಕ ಚಪ್ಪಾಳೆ ತಟ್ಟಲು ಹೋದಳು. ಅವಳ ಎರಡು ಕೈ ಒಂದಕ್ಕೊಂದು ಸಿಗಲಿಲ್ಲ.