ಕೂಸು ಅತ್ತಿತ್ತೇನು?

ಜೇವರ್ಗಿ,
ತಾ. ೧೮-೨-೧೯೪೪

ತೀರ್ಥಸ್ವರೂಪಳಾದ ಅವ್ವನಿಗೆ ನಿನ್ನ ಗುರುಶಾಂತಮ್ಮ ಮಾಡುವ ಶರಣಾರ್ಥಿಗಳು.

ದೀಪಾವಳಿಗೆ ನೀನು ಬರೆಸಿದ ಪತ್ರಕ್ಕೆ ಶಿವರಾತ್ರಿ ಬಂದಾಗ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಚಕ್ಕಡಿಯಲ್ಲಿ ಊರೂರು ತಿರುಗಿ ಸೊಂಟ ಬಿದ್ದುಹೋಗಿದೆ. ರೊಟ್ಟಿಗೆ ಹಚ್ಚಿಕೊಳ್ಳಲು ನೀನು ಕೊಟ್ಟ ಶೇಂಗಾ ಹಿಂಡಿ ಮುಗಿದು ಬಹಳ ದಿನವಾಯಿತು. ನಿನ್ನ ಮೊಣಕಾಲು ನೋವು ಹೇಗಿದೆ? ಜಿಡಗಾದ ಮಠಕ್ಕೆ ನಡೆದೇ ಹೋಗುತ್ತೀಯೋ, ಇಲ್ಲ ಯಾರಾದರೂ ಕರೆದುಕೊಂಡು ಹೋಗುತ್ತಾರೋ?

ಅಂಥ ಕೆಲಸ ಏನಿದೆ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಎಳೆಗೂಸುಗಳು ಯಾಕೆ ಸಾಯುತ್ತವೆ ಎಂದು ಹೋದ ವರ್ಷ ಮೂರು ತಾಲೂಕುಗಳಲ್ಲಿ ಮೂವರು ವಿಚಾರಿಸಿದೆವು. ಆಳಂದಕ್ಕೆ ನಾನು, ಅಫಜಲಪುರಕ್ಕೆ ನನ್ನ ಜೊತೆ ನರ್ಸ್ ಕೆಲಸ ಕಲಿತ ಪೀರಬಿ, ಜೇವರ್ಗಿಗೆ ಸಿಡುಬಿನ ಲಸಿಕೆ ಹಾಕುವ ದೇವೀಂದ್ರಪ್ಪ. ನಮ್ಮ ಡಾಕ್ಟರು ದೌಲತರಾಯರು ಮೂವರ ಲೆಕ್ಕ ಕೂಡಿಸಲು ಕೂತು ತಲೆ ಹಿಡಿದುಕೊಂಡರು. ಆಳಂದದಲ್ಲಿ ಕೂಸುಗಳು ಸತ್ತೇ ಹುಟ್ಟುತ್ತವೆ, ಅಫಜಲಪುರದಲ್ಲಿ ಹುಟ್ಟಿ ಸಾಯುತ್ತವೆ, ಜೇವರ್ಗಿಯಲ್ಲಂತೂ ಸಾಯುವುದೇ ಇಲ್ಲ! ಆಮೇಲೆ ತಿಳಿಯಿತು. ದೇವೀಂದ್ರಪ್ಪ ಕಟ್ಟೆಯ ಮೇಲಿನ ಗಂಡಸರನ್ನು ಕೇಳಿದ್ದ. ಅವರು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಕೂಸುಗಳನ್ನಷ್ಟೇ ಹೇಳಿದ್ದರು. ನಾನು ಮನೆಯ ಹಿರಿಯ ಹೆಂಗಸರ ಮಾತು ಬರೆದುಕೊಂಡಿದ್ದೆ. ಪೀರಬಿ ಹಡೆದವರನ್ನೇ ಕೇಳಿದ್ದಳು.

“ಮೂರು ಥರದ ಸೇರಿನಾಗ ಜ್ವಾಳ ಅಳದು ಒಂದ ರಾಶಿ ಹಾಕಿದ್ರ ಏನ್ ತಿಳೀತದವ್ವಾ?” ಎಂದರು ರಾಯರು.

ಅಷ್ಟರಲ್ಲಿ ಮೇಲಿನವರು ಔಷಧ, ಕಲಿತ ಸೂಲಗಿತ್ತಿಯರು ಎಲ್ಲ ಅಫಜಲಪುರಕ್ಕೇ ಸಾಕು ಎನ್ನತೊಡಗಿದ್ದರು. ಸತ್ತು ಹುಟ್ಟಿದ ಕೂಸಿಗೆ ಸೂಲಗಿತ್ತಿ ಏನು ಮಾಡಿಯಾಳು? ಆದರೆ ಹುಟ್ಟಿ ಅತ್ತ ಕೂಸು ವಾರದೊಳಗೆ ಮೈ ಸೆಟೆದು ಸತ್ತರೆ, ಅದು ಹೊಕ್ಕಳಬಳ್ಳಿ ಕತ್ತರಿಸಿದ ಕುಡಗೋಲಿನ ಹೊಲಸಿನಿಂದ ಬಂದ ಧನುರ್ವಾಯು. ಅದನ್ನು ತಡೆಯಬಹುದು, ಅವ್ವಾ. ಕುಡಗೋಲು ಬಿಟ್ಟು, ನೀರಲ್ಲಿ ಕುದಿಸಿದ ಕತ್ತರಿ ಬಳಸಿದರೆ ಸಾಕು.

ಅದಕ್ಕೆ ಮೂವರೂ ಒಂದೇ ಅಳತೆಗೆ ಒಪ್ಪಿ ಮತ್ತೆ ಹೊರಟೆವು. ಎಲ್ಲ ಊರಲ್ಲೂ ಒಂದೇ ಪ್ರಶ್ನೆ, ಅದೇ ಮಾತಿನಲ್ಲಿ: “ಕೂಸು ಅತ್ತಿತ್ತೇನು?” ಹಡೆದವಳನ್ನು ಬೇರೆ ಕೇಳಬೇಕು, ಕೂಸನ್ನು ಕೈಯಲ್ಲಿ ಹಿಡಿದವಳನ್ನು ಬೇರೆ ಕೇಳಬೇಕು. ಅತ್ತಿದ್ದರೆ ಅದು ಜೀವ ಇದ್ದು ಹುಟ್ಟಿದ್ದು.

ಮಟಕಿ ಎಂಬ ಊರಲ್ಲಿ ನಿಂಬೆವ್ವ ಎಂಬ ಮುದುಕಿ ಹೋದ ಸಲ ನನಗೆ, ಮಗಳಿಗೆ ಸತ್ತ ಕೂಸು ಹುಟ್ಟಿತ್ತು ಎಂದಿದ್ದಳು. ಈ ಸಲ ಹಿತ್ತಲಿಗೆ ಕರೆದು ಹೊಸ ಪ್ರಶ್ನೆ ಕೇಳಿದೆ. ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು.

“ಅತ್ತಿತ್ರೀ ನರ್ಸಬಾಯಿ. ಛಂದಾಗಿ ಅತ್ತಿತ್ತು. ನಾಕನೇ ದಿನಕ್ಕ ಮೈ ಸೆಟದು ಹೋತು. ಮಗಳು ಜ್ವರದಾಗ ಎಚ್ಚರಿಲ್ದ ಬಿದ್ದಿದ್ಳು. ಸತ್ತೇ ಹುಟ್ಟಿತ್ತು ಅಂದ್ರ ಅಕಿ ಜೀವಾನರ ಉಳೀತದಂತ ಹಂಗ ಹೇಳೀನ್ರಿ. ಅಕಿ ಮುಂದ ಅನಬ್ಯಾಡ್ರೀ, ನಿಮ್ಮ ಕಾಲಿಗಿ ಬೀಳ್ತೀನಿ.”

ಅನಲಿಲ್ಲ. ಒಳಗೆ ಆ ಮಗಳು ರೊಟ್ಟಿ ಬಡಿಯುತ್ತಿದ್ದಳು. ನನಗೂ ಒಂದು ರೊಟ್ಟಿ ಕೊಟ್ಟಳು. ತಿಂದು ಎದ್ದು ಬಂದೆ. ಚಕ್ಕಡಿಯಲ್ಲಿ ಅತ್ತೆ.

ಅಂಥ ನಿಂಬೆವ್ವಗಳು ಎಲ್ಲ ಊರುಗಳಲ್ಲೂ ಸಿಕ್ಕರು. ಕೂಡಿಸಿ ನೋಡಿದರೆ ಮೂರೂ ತಾಲೂಕುಗಳಲ್ಲಿ ಕಥೆ ಒಂದೇ: ಅತ್ತ ಕೂಸುಗಳೇ ಸಾಯುತ್ತಿದ್ದವು. ಮೂರೂ ಕಡೆ ಸೂಲಗಿತ್ತಿಯರಿಗೆ ಕಲಿಸಲು ಈಗ ಒಪ್ಪಿಗೆ ಬಂದಿದೆ. ರಾಯರು ಪೇಢೆ ಹಂಚಿದರು. ನನ್ನದನ್ನು ಚಕ್ಕಡಿಯವನಿಗೆ ಕೊಟ್ಟೆ.

ತಮ್ಮ ನಾಗಣ್ಣನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ಅವು ಉಂಡುಟ್ಟು ನೂರು ಕಾಲ ಬಾಳಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಗುರುಶಾಂತಮ್ಮ

ತಾ.ಕ.: ಮಡಿಚಿದ ಪತ್ರ ಮತ್ತೆ ಬಿಚ್ಚಿದೆ. ಇದನ್ನು ನಾಗಣ್ಣನಿಂದ ಓದಿಸಬೇಡ, ನಿಧಾನವಾಗಿಯಾದರೂ ನೀನೇ ಓದು. ಪೇಢೆ ಹಂಚಿದ ದಿನ ಪೀರಬಿ ಪಕ್ಕದಲ್ಲಿ ಬಂದು ಕೂತು, “ಅಕ್ಕಾ, ನೀವೂ ಆಳಂದ ತಾಲೂಕಿನಾಗ ಹಡದವರ ಅಲ್ರೀ? ನಿಮಗ ಯಾರೂ ಕೇಳೇ ಇಲ್ಲ,” ಎಂದು, ಊರೂರಲ್ಲಿ ನಾವು ಕೇಳಿದ ಆ ಪ್ರಶ್ನೆಯನ್ನೇ ನನಗೂ ಕೇಳಿದಳು. ನನ್ನ ಕೂಸನ್ನು ಕೈಯಲ್ಲಿ ಹಿಡಿದವಳು ನೀನು. ಸತ್ತೇ ಹುಟ್ಟಿತ್ತು ಎಂದು ನೀನು ಹೇಳಿದೆ, ನಾನು ನಂಬಿದೆ. ಅದರ ಮೇಲೆ ಇನ್ನೊಂದು ನನ್ನ ಮಡಿಲಿಗೆ ಬರಲೇ ಇಲ್ಲ. ಆದರೆ ಕಣ್ಣಿಗೆ ಕತ್ತಲೆ ಕಟ್ಟಿ ಬಿದ್ದಿದ್ದಾಗಲೂ ನನಗೊಂದು ಸದ್ದು ಕೇಳಿಸಿತ್ತು. ಎಚ್ಚರಾದಾಗ, ಅದೇನೆಂದು ನಿನ್ನನ್ನು ಕೇಳಿದ್ದೆ. ಹಿತ್ತಲಲ್ಲಿ ನಮ್ಮ ಆಡಿನ ಮರಿ ಒದರಿತು ಎಂದು ನೀನು ನನ್ನ ತಲೆ ಸವರಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಮನೆಯಲ್ಲಿ ಆಡು ಯಾವಾಗ ಇತ್ತು, ಅವ್ವಾ?