ಮನೆಮಂದಿಗೆ ನಿಷೇಧ

೧೪ ನವೆಂಬರ್ ೨೦೦೨, ಗುರುವಾರ

ನನ್ನ ಅಂಕಣ ಕಂಪ್ಯೂಟರಿನಲ್ಲಿ ನನಗೇ ತೆರೆಯುತ್ತಿಲ್ಲ. ನಾಳೆ ಹತ್ತು ಗಂಟೆಗೆ ಪತ್ರಿಕೆಗೆ ತಲುಪಬೇಕು.

ಹೆಂಡತಿ ದಾಕ್ಷಾಯಣಿಯ ಸ್ಕೂಟರ್ ಕಲಿಕೆಯ ಮೇಲೆ ಬರೆದದ್ದು ಅಚ್ಚಾಗುವ ಮುಂಚೆ ಅವಳ ಕಣ್ಣಿಗೆ ಬೀಳಬಾರದೆಂದು ತಮ್ಮನ ಮಗಳು ಲಾಸ್ಯಳ ಮೊರೆಹೋಗಿದ್ದೆ. ಪ್ರೋಗ್ರಾಮ್ ಬರೆಯುವ ಹುಡುಗಿ. ಸಿದ್ಧ ಪ್ರೋಗ್ರಾಮುಗಳ ಲೈಬ್ರರಿಯಿಂದ ಅದೇನೋ ‘ಫಂಕ್ಷನ್’ ಎಂಬ ತುಣುಕನ್ನು ಕರೆದು, ಫೈಲನ್ನು ಯಾರು ತೆರೆಯಬಹುದೆಂಬ ಅನುಮತಿಪಟ್ಟಿಗೆ ‘ಮನೆಮಂದಿಗೆ ನಿಷೇಧ’ ಎಂದು ಸೇರಿಸಿದಳು. ಅದರ ಕೆಳಗೆ ‘ದೊಡ್ಡಪ್ಪನಿಗೆ ಅನುಮತಿ’.

ಸಂಜೆ ಫೋನಿನಲ್ಲಿ ಅವಳದು ಒಂದೇ ನಗು. “ಅಯ್ಯೋ ದೊಡ್ಡಪ್ಪ, ನೀವೂ ಮನೆಮಂದಿ ಗುಂಪಲ್ಲೇ ಇದ್ದೀರಲ್ಲ! ಪಟ್ಟೀನ ಮೇಲಿಂದ ಓದ್ತಾ ನಿಷೇಧ ಸಿಕ್ಕಿದ್ಮೇಲೆ ಕಂಪ್ಯೂಟರ್ ಮುಂದಕ್ಕೆ ನೋಡೋದೇ ಇಲ್ಲ. ಬೆಳಿಗ್ಗೆ ಬಂದು ಸರಿಮಾಡ್ತೀನಿ.”

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ದಾಕ್ಷಾಯಣಿ, “ಅಂತೂ ನಿಮ್ಮನ್ನ ಮನೆಮಂದಿ ಲೆಕ್ಕಕ್ಕೆ ತಗೊಂಡಿದ್ದು ಆ ಯಂತ್ರ ಒಂದೇ ಬುಡಿ,” ಎಂದಳು. ನಗಲಿಲ್ಲ. ಇಪ್ಪತ್ತು ವರ್ಷಗಳಿಂದ ನನ್ನ ಬರಹಕ್ಕೆ ಮೊದಲ ನಗು ಅವಳದೇ.

ಕಣ್ಣು ಎಳೆಯುತ್ತಿದೆ. ಆ ಫಂಕ್ಷನ್ನು ಕಾವಲುಗಾರನ ಹಾಗೆ ಪೇಟ ಸುತ್ತಿಕೊಂಡು, ಪಟ್ಟಿ ಹಿಡಿದು, ಲಕ್ಷ್ಮೀಪುರಂನ ನಮ್ಮ ಮನೆ ಬಾಗಿಲಲ್ಲಿ ನಿಂತಂತೆ. ನಾನು ಹೊರಗೆ. ಒಳಗಿನಿಂದ ಅವಳ ನಗು ತೇಲಿಬಂದಂತೆ.

ಬೆಳಿಗ್ಗೆ ಲಾಸ್ಯಳಿಗೆ ಹೇಳಬೇಕು, ನಿಷೇಧ ತೆಗೆದುಬಿಡು. ದಾಕ್ಷಾಯಣಿಗೆ ಓದಲು ಅನುಮತಿ, ತಿದ್ದಲೂ ಅನುಮತಿ. ಅಳಿಸಿಹಾಕುವ ಮುಂಚೆ ಮಾತ್ರ ನನ್ನನ್ನೊಂದು ಮಾತು ಕೇಳ…